ಪರದೆ ಮೊದಲು, ಪ್ರೊಸೆಸರ್ ಆಮೇಲೆ

ಪ್ರಶ್ನೆ: ಸರ್, ನಾನು ಬೆಟಗೇರಿಯವಳು. ಮೂರು ವರ್ಷಗಳಿಂದ ಗದಗಿನ ಒಂದು ಮುದ್ರಣಾಲಯದಲ್ಲಿ ಡಿಟಿಪಿ ಕೆಲಸದಲ್ಲಿದ್ದೇನೆ. ಲಗ್ನಪತ್ರಿಕೆ, ಕ್ಯಾಲೆಂಡರ್, ಫ್ಲೆಕ್ಸ್ ಮಾಡುತ್ತೇನೆ. ರಾತ್ರಿ ಮನೆಯಲ್ಲಿ ಇಬ್ಬರು ಫೋಟೊಗ್ರಾಫರ್‌ಗಳಿಗೆ ಮದುವೆ ಆಲ್ಬಮ್ ಹೊಂದಿಸಿಕೊಡುತ್ತೇನೆ. ವಾರಕ್ಕೊಮ್ಮೆ ಹುಬ್ಬಳ್ಳಿಯ ಆಲ್ಬಮ್ ಲ್ಯಾಬಿಗೆ ಹೋಗಿ ಅಲ್ಲಿಯೇ ಕುಳಿತು ತಿದ್ದಬೇಕಾಗುತ್ತದೆ. ಮನೆಯ ಹಳೆಯ ಕಂಪ್ಯೂಟರ್ ಕೆಟ್ಟಿದೆ. 80 ಸಾವಿರ ರೂಪಾಯಿ ಕೂಡಿಸಿಟ್ಟಿದ್ದೇನೆ. ಅಂಗಡಿಯವರು ಒಂದು ಗೇಮಿಂಗ್ ಲ್ಯಾಪ್‌ಟಾಪ್ ತೋರಿಸಿ ಫೋಟೊಶಾಪ್‌ಗೆ ಇದಕ್ಕಿಂತ ಒಳ್ಳೆಯದಿಲ್ಲ ಎಂದರು. ಚೀಟಿಯಲ್ಲಿ ಬರೆದುಕೊಟ್ಟದ್ದು: 15.6 ಇಂಚಿನ ಪರದೆ, 144 ಹರ್ಟ್ಸ್, 45% ಎನ್‌ಟಿಎಸ್‌ಸಿ, 250 ನಿಟ್, ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ನಮ್ಮ ಅಣ್ಣ ಮ್ಯಾಕ್‌ಬುಕ್ ತೆಗೆದುಕೋ ಎನ್ನುತ್ತಾನೆ. ಯಾವುದು ಸರಿ?

ಉತ್ತರ: ಆ ಚೀಟಿಯನ್ನು ಹಾಗೆಯೇ ಬರೆದು ಕಳುಹಿಸಿದ್ದು ಬಹಳ ಒಳ್ಳೆಯದಾಯಿತು. ಅದರಲ್ಲಿರುವ ‘45% ಎನ್‌ಟಿಎಸ್‌ಸಿ’ ಎಂಬ ಸಣ್ಣ ಮಾತು ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟುಬಿಟ್ಟಿದೆ. ಆ ಲ್ಯಾಪ್‌ಟಾಪನ್ನು ಕೊಳ್ಳಬೇಡಿ. ಅದರ ಪ್ರೊಸೆಸರ್ ಒಳ್ಳೆಯದೇ ಇರಬಹುದು, ಗ್ರಾಫಿಕ್ಸ್ ಕಾರ್ಡ್ ನಿಮ್ಮ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚೇ ಇದೆ. ಆದರೆ ಅದರ ಪರದೆ ನಿಮಗೆ ಬಣ್ಣವನ್ನು ಸರಿಯಾಗಿ ತೋರಿಸುವುದಿಲ್ಲ, ಮತ್ತು ನಿಮ್ಮ ಕಸುಬು ನಡೆಯುವುದೇ ಬಣ್ಣದ ಮೇಲೆ.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತಿದ್ದೇನೆ. ವರ್ಷಗಳ ಹಿಂದೆ ಬ್ಯಾಡಗಿಯ ವ್ಯಾಪಾರಿಯೊಬ್ಬರು ಮೆಣಸಿನ ಪುಡಿಯ ಡಬ್ಬಿಗೆ ಲೇಬಲ್ ಮಾಡಿಕೊಡಲು ಹೇಳಿದ್ದರು. ಬ್ಯಾಡಗಿ ಮೆಣಸಿನಕಾಯಿ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಕಡುಕೆಂಪು ಬಣ್ಣ, ಉದ್ದಕ್ಕೂ ಸುಕ್ಕು. ಆ ಸುಕ್ಕೇ ಅದರ ಗುರುತು. ಆಗಷ್ಟೇ ಕೊಂಡಿದ್ದ ಅಗ್ಗದ ಲ್ಯಾಪ್‌ಟಾಪಿನಲ್ಲಿ ಚಿತ್ರ ತೆರೆದರೆ ಕೆಂಪು ಬಣ್ಣ ಮಾಸಿದ ಇಟ್ಟಿಗೆಯ ಹಾಗೆ ಕಂಡಿತು. ಕ್ಯಾಮೆರಾದ ತಪ್ಪು ಎಂದುಕೊಂಡು ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ, ಏರಿಸಿದೆ. ಸಾಲದೆಂದು ಇನ್ನೂ ಏರಿಸಿದೆ. ಪರದೆಯ ಮೇಲೆ ಚೆಂದ ಕಂಡಿತು. ಐದು ಸಾವಿರ ಲೇಬಲ್ ಆಫ್‌ಸೆಟ್‌ನಲ್ಲಿ ಮುದ್ರಣವಾಗಿ ಬಂದಾಗ ಒಂದು ಸುಕ್ಕೂ ಕಾಣಿಸಲಿಲ್ಲ. ಮಜೆಂಟಾ ಮತ್ತು ಹಳದಿ ಎರಡೂ ತುತ್ತತುದಿಗೆ ಹೋಗಿ, ಕಾಯಿಗಳೆಲ್ಲ ಕೆಂಪು ಬಣ್ಣ ಬಳಿದ ಕಡ್ಡಿಗಳಾಗಿದ್ದವು. ಆ ಹಿರಿಯರು ಲೇಬಲ್ ಕೈಯಲ್ಲಿ ಹಿಡಿದು, ‘ಇದು ನಮ್ಮ ಕಾಯಿ ಅಲ್ಲ’ ಎಂದಷ್ಟೇ ಹೇಳಿದರು. ಕಾಗದ, ಪ್ಲೇಟು, ಮುದ್ರಣ, ಎಲ್ಲವನ್ನೂ ನನ್ನ ಕೈಯಿಂದ ಹಾಕಿ ಮತ್ತೆ ಮಾಡಿಸಿಕೊಟ್ಟೆ. ಚಿತ್ರದಲ್ಲಿ ತಪ್ಪಿರಲಿಲ್ಲ. ಕೆಂಪು ಬಣ್ಣವನ್ನು ತೋರಿಸುವ ಶಕ್ತಿಯೇ ಆ ಪರದೆಗೆ ಇರಲಿಲ್ಲ. ಇಲ್ಲದ ಕೊರತೆಯನ್ನು ನಾನು ತುಂಬಲು ಹೋಗಿದ್ದೆ.

ಈಗ ಆ 45 ಎಂಬ ಅಂಕಿಯ ಲೆಕ್ಕ ನೋಡೋಣ. ಎನ್‌ಟಿಎಸ್‌ಸಿ ಎಂಬುದು 1953ರಲ್ಲಿ ಅಮೆರಿಕದ ಬಣ್ಣದ ಟಿವಿಗೆಂದು ಗೊತ್ತುಮಾಡಿದ ಬಣ್ಣಗಳ ವ್ಯಾಪ್ತಿ. ನಮ್ಮ ಮೊಬೈಲು, ಕ್ಯಾಮೆರಾ, ಆಲ್ಬಮ್ ಲ್ಯಾಬುಗಳಲ್ಲಿ ಸಾಮಾನ್ಯ ಅಳತೆಯಾಗಿರುವುದು ಎಸ್‌ಆರ್‌ಜಿಬಿ. ಅದು 1996ರಲ್ಲಿ ಬಂತು. ಎಸ್‌ಆರ್‌ಜಿಬಿಯ ವಿಸ್ತಾರ ಎನ್‌ಟಿಎಸ್‌ಸಿಯ ಸುಮಾರು 72% ಆಗುತ್ತದೆ. ಆದ್ದರಿಂದ 45% ಎನ್‌ಟಿಎಸ್‌ಸಿ ಎಂದರೆ ಎಸ್‌ಆರ್‌ಜಿಬಿಯ ಮುಕ್ಕಾಲು ಪಾಲೂ ಇಲ್ಲ, ಸುಮಾರು 62% ಮಾತ್ರ. ಮೊದಲು ಮಂಕಾಗುವುದು ಗಾಢ ಬಣ್ಣಗಳು, ಅದರಲ್ಲೂ ಕೆಂಪು. ಕುಂಕುಮ, ಇಳಕಲ್ ಸೀರೆಯ ಸೆರಗು, ಮದುವಣಗಿತ್ತಿಯ ಕೈಯ ಮದರಂಗಿ, ಮಂಟಪದ ಚೆಂಡುಹೂವು: ನೀವು ದಿನವೂ ತಿದ್ದುವ ಬಣ್ಣಗಳೇ ಇವು.

144 ಹರ್ಟ್ಸ್ ಎಂದು ದೊಡ್ಡದಾಗಿ ಬರೆದಿರುವುದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಪರದೆ ಒಂದು ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ ಅದು. ಓಡುವ, ಗುಂಡು ಹಾರಿಸುವ ಆಟಗಳಲ್ಲಿ ಉಪಯೋಗವಿದೆ. ನಿಂತ ಫೋಟೊಗೆ 60 ಹರ್ಟ್ಸ್ ಸಾಕು. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಹಣವನ್ನೆಲ್ಲ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ ಪರದೆಯಲ್ಲಿ ಉಳಿಸುತ್ತಾರೆ. ಆಟ ಆಡುವವರಿಗೆ ಅದು ನ್ಯಾಯವಾದ ವ್ಯವಹಾರವೇ. ನಿಮಗೆ ಮಾತ್ರ ನಷ್ಟ.

ಹಾಗಾದರೆ ಎಂಥ ಪರದೆ ಕೇಳಬೇಕು? ‘100% ಎಸ್‌ಆರ್‌ಜಿಬಿ’ ಎಂದು ಬರೆದಿರಬೇಕು. 99% ಇದ್ದರೂ ಅಡ್ಡಿಯಿಲ್ಲ. 72% ಎನ್‌ಟಿಎಸ್‌ಸಿ ಎಂದಿದ್ದರೆ ಅದೂ ಹೆಚ್ಚುಕಡಿಮೆ ಅದೇ ಅಳತೆ. ಪರದೆಯ ಜಾತಿ, ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಐಪಿಎಸ್ ಇರಲಿ. ತಲೆ ಸ್ವಲ್ಪ ವಾಲಿಸಿದರೆ ಬಣ್ಣ ಬದಲಾಗುವ ಹಳೆಯ ಟಿಎನ್ ಪರದೆ ಬೇಡವೇ ಬೇಡ. ಆದರೆ ಐಪಿಎಸ್ ಎಂದ ಮಾತ್ರಕ್ಕೆ ಬಣ್ಣ ಚೆನ್ನಾಗಿರುತ್ತದೆ ಎಂದು ನಂಬಬೇಡಿ. ನಿಮ್ಮ ಚೀಟಿಯಲ್ಲಿರುವಂಥ 45% ಪರದೆಗಳಲ್ಲೂ ಐಪಿಎಸ್ ಇರುತ್ತವೆ. ಬೆಳಕು ಕನಿಷ್ಠ 300 ನಿಟ್ ಇರಲಿ. ಬಣ್ಣದ ಆಳ 8 ಬಿಟ್ ಇದ್ದರೆ 1.67 ಕೋಟಿ ಬಣ್ಣಗಳು ಸಿಗುತ್ತವೆ. 6 ಬಿಟ್ ಪರದೆಯ ಕೈಯಲ್ಲಿರುವುದು 2.62 ಲಕ್ಷ ಮಾತ್ರ, ಉಳಿದದ್ದನ್ನು ಚುಕ್ಕೆಗಳನ್ನು ಅದಲುಬದಲು ಮಾಡಿ ತೋರಿಸುತ್ತದೆ. ಲಗ್ನಪತ್ರಿಕೆಯ ಹಿನ್ನೆಲೆಯಲ್ಲಿ ಕೇಸರಿಯಿಂದ ಕೆನೆಬಣ್ಣಕ್ಕೆ ನಿಧಾನವಾಗಿ ಇಳಿಯುವ ಛಾಯೆ ಹಾಕಿದಾಗ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿಗಳು ಕಾಣುವುದುಂಟಲ್ಲ, ಅದಕ್ಕೆ ಅಂಥ ಪರದೆಯೂ ಒಂದು ಕಾರಣ.

ಎಸ್‌ಆರ್‌ಜಿಬಿಗಿಂತ ದೊಡ್ಡ ವ್ಯಾಪ್ತಿಯಾದ ‘100% ಅಡೋಬ್ ಆರ್‌ಜಿಬಿ’ ಇರುವ ದುಬಾರಿ ಪರದೆಗೆ ಸದ್ಯ ಹಣ ಹಾಕಬೇಡಿ. ಆಲ್ಬಮ್ ಲ್ಯಾಬಿಗೆ ನೀವು ಕೊಡುವ ಜೆಪೆಗ್ ಸಾಮಾನ್ಯವಾಗಿ ಎಸ್‌ಆರ್‌ಜಿಬಿಯೇ, ಆಫ್‌ಸೆಟ್‌ಗೆ ಹೋಗುವುದು ನಾಲ್ಕು ಶಾಯಿಗಳ ಸಿಎಂವೈಕೆ. ಎಸ್‌ಆರ್‌ಜಿಬಿಯನ್ನು ನಿಜವಾಗಿ ತೋರಿಸುವ ಪರದೆ ಇದ್ದರೆ ನಿಮ್ಮ ಕೆಲಸ ಸಾಗುತ್ತದೆ.

ಈಗ ಇದೇ ಬೆಲೆಗೆ ಒಎಲ್‌ಇಡಿ ಪರದೆಯ ಲ್ಯಾಪ್‌ಟಾಪುಗಳೂ ಸಿಗುತ್ತಿವೆ. ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟರೆ ನಿಮ್ಮ ಕಣ್ಣು ಮೊದಲು ಅದರ ಮೇಲೆಯೇ ಹೋಗುತ್ತದೆ. ಕಪ್ಪು ಅಷ್ಟು ಕಪ್ಪು, ಬಣ್ಣ ಅಷ್ಟು ತುಂಬು. ನನ್ನ ಕಥೆಯಲ್ಲಿ ಆದುದಕ್ಕೆ ತದ್ವಿರುದ್ಧವಾದ ಅಪಾಯ ಇಲ್ಲಿದೆ. ಈ ಪರದೆಗಳ ವ್ಯಾಪ್ತಿ ಎಸ್‌ಆರ್‌ಜಿಬಿಗಿಂತ ದೊಡ್ಡದು. ಚಿತ್ರದ ಬಣ್ಣ ಯಾವ ವ್ಯಾಪ್ತಿಯದು ಎಂದು ಹೇಳುವ ಪ್ರೊಫೈಲನ್ನು ಗಮನಿಸದ ತಂತ್ರಾಂಶದಲ್ಲಿ ಸಾಧಾರಣ ಫೋಟೊ ಕೂಡ ಮಿಂಚುತ್ತದೆ. ಗಿರಾಕಿ ಅದನ್ನು ನೋಡಿ ಒಪ್ಪುತ್ತಾರೆ, ಮುದ್ರಣ ಬಂದಾಗ ಸಪ್ಪೆಯಾಯಿತು ಎನ್ನುತ್ತಾರೆ. ಕಂಪನಿಯ ಸೆಟ್ಟಿಂಗ್ ತಂತ್ರಾಂಶದಲ್ಲಿ ಎಸ್‌ಆರ್‌ಜಿಬಿ ಎಂಬ ಆಯ್ಕೆ ಇದ್ದರೆ ಮಾತ್ರ ಒಎಲ್‌ಇಡಿ ಕೊಳ್ಳಿ, ಮುದ್ರಣದ ಕೆಲಸ ಮಾಡುವಾಗ ಆ ಆಯ್ಕೆಯಲ್ಲಿಯೇ ಇರಿ. ಇನ್ನೂ ಎರಡು ಮಾತು: ಫೋಟೊಶಾಪ್‌ನ ಪಟ್ಟಿಗಳು ದಿನವಿಡೀ ಒಂದೇ ಜಾಗದಲ್ಲಿ ನಿಂತಿರುವುದರಿಂದ ವರ್ಷಗಳು ಕಳೆದ ಮೇಲೆ ಅವುಗಳ ಕಲೆ ಉಳಿಯುವ ಸಾಧ್ಯತೆ ಒಎಲ್‌ಇಡಿಯಲ್ಲಿದೆ, ಬೆಳಕು ತಗ್ಗಿಸಿದಾಗ ಕೆಲವು ಒಎಲ್‌ಇಡಿ ಪರದೆಗಳು ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಮಿನುಗುತ್ತವೆ, ಅದರಿಂದ ಕೆಲವರಿಗೆ ತಲೆನೋವು ಬರುತ್ತದೆ. ರಾತ್ರಿ ಮಂದ ಬೆಳಕಿನಲ್ಲಿ ಗಂಟೆಗಟ್ಟಲೆ ಕೂರುವ ನಿಮಗೆ ಒಳ್ಳೆಯ ಐಪಿಎಸ್ ಪರದೆಯೇ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಪರದೆಯನ್ನು ಅಂಗಡಿಯಲ್ಲಿಯೇ ಪರೀಕ್ಷಿಸುವುದಕ್ಕೆ ಯಾವ ಯಂತ್ರವೂ ಬೇಡ. ಒಂದು ಪೆನ್‌ಡ್ರೈವ್‌ನಲ್ಲಿ ನಿಮ್ಮವೇ ಮೂರು ಕಡತ ಹಾಕಿಕೊಳ್ಳಿ. ಮೊದಲನೆಯದು, ನೀವು ಮಾಡಿ ಚೆನ್ನಾಗಿ ಮುದ್ರಣವಾದ ಒಂದು ಲಗ್ನಪತ್ರಿಕೆಯ ಜೆಪೆಗ್; ಜೊತೆಗೆ ಅದೇ ಪತ್ರಿಕೆಯ ಮುದ್ರಿತ ಪ್ರತಿ ಕೈಚೀಲದಲ್ಲಿರಲಿ. ಎರಡನೆಯದು, ಕಪ್ಪಿನಿಂದ ಬಿಳಿಗೆ ಇಳಿಯುವ ಬೂದು ಪಟ್ಟಿ; ಫೋಟೊಶಾಪ್‌ನಲ್ಲಿ ಒಂದು ನಿಮಿಷದ ಕೆಲಸ. ಮೂರನೆಯದು ನೆರಳು ಹೆಚ್ಚಿರುವ ಫೋಟೊ. ನಾನು ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡದ ಚಿತ್ರ ಒಯ್ಯುತ್ತೇನೆ. ಕೆತ್ತನೆಯ ಸಾಲಿನೊಳಗೆ ಸಾಲು, ಒಳಗೆ ಹೋದಂತೆ ಕತ್ತಲು. ಒಳ್ಳೆಯ ಪರದೆಯಲ್ಲಿ ಒಳಸಾಲಿನ ಬಳ್ಳಿಯೂ ಕಾಣುತ್ತದೆ, ಕೆಟ್ಟದ್ದರಲ್ಲಿ ಅದು ಕಪ್ಪು ಕಲ್ಲಾಗಿಬಿಡುತ್ತದೆ. ನಿಮಗೆ ಲಕ್ಕುಂಡಿ ಹತ್ತಿರವೇ ಇದೆ, ಒಂದು ಬೆಳಗ್ಗೆ ಹೋಗಿ ನೀವೇ ತೆಗೆಯಿರಿ. ಕಣ್ಣಿನಿಂದ ನೋಡಿದ್ದು ನೆನಪಿರುವಾಗ ಹೋಲಿಸುವುದು ಸುಲಭ.

ಅಂಗಡಿಯಲ್ಲಿ ಪರದೆಯ ಬೆಳಕು ಪೂರ್ತಿ ಏರಿಸಿ ಇಟ್ಟಿರುತ್ತಾರೆ. ಮುದ್ರಿತ ಪತ್ರಿಕೆಯ ಬಿಳಿ ಕಾಗದಕ್ಕೂ ಪರದೆಯ ಬಿಳಿಗೂ ಹೊಂದುವಷ್ಟು ಅದನ್ನು ಇಳಿಸಿ, ಆಮೇಲೆ ಬಣ್ಣ ನೋಡಿ. ಆಲ್ಬಮ್ ಕಪ್ಪಾಗಿ ಬಂತು ಎಂದು ಲ್ಯಾಬಿನವರೊಡನೆ ಜಗಳವಾಗುವ ಎಷ್ಟೋ ಸಂದರ್ಭಗಳಲ್ಲಿ ಲ್ಯಾಬಿನ ತಪ್ಪಿರುವುದಿಲ್ಲ. ಪರದೆಯನ್ನು ಪೂರ್ತಿ ಬೆಳಕಿನಲ್ಲಿ ಇಟ್ಟುಕೊಂಡವರು ಚಿತ್ರವನ್ನು ತಮಗೆ ಅರಿವಿಲ್ಲದೆ ಕತ್ತಲು ಮಾಡಿಕೊಟ್ಟಿರುತ್ತಾರೆ. ಮುದ್ರಣದ ಕೆಲಸಕ್ಕೆ 100ರಿಂದ 120 ನಿಟ್ ಬೆಳಕು ಸಾಕು. ಹಾಗಾದರೆ 300 ಏಕೆ ಎಂದು ಕೇಳುತ್ತೀರಿ. ಹಗಲು ಕಿಟಕಿಯ ಪಕ್ಕ ಕೂತು ಗಿರಾಕಿಗೆ ತೋರಿಸುವಾಗ ಬೇಕಾಗುತ್ತದೆ. ವರ್ಷ ಕಳೆದಂತೆ ಪರದೆಯ ಬೆಳಕೂ ಕುಗ್ಗುತ್ತದೆ.

ಒಂದೇ ಹೆಸರಿನ ಲ್ಯಾಪ್‌ಟಾಪಿನಲ್ಲಿ ಎರಡು ಮೂರು ಬಗೆಯ ಪರದೆ ಇರುತ್ತವೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಪ್ರದರ್ಶನಕ್ಕೆ ಇಟ್ಟದ್ದು ಒಂದು, ಡಬ್ಬಿಯಲ್ಲಿ ಬರುವುದು ಇನ್ನೊಂದು ಆಗಬಹುದು. ಡಬ್ಬಿಯ ಮೇಲಿನ ಉದ್ದನೆಯ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಕಂಪನಿಯ ಜಾಲತಾಣದಲ್ಲಿ ಅದೇ ಸಂಖ್ಯೆ ಹಾಕಿ ಪರದೆಯ ವಿವರ ನೋಡಿ. ‘ಕಣ್ಣಿಗೆ ಹಿತ’, ‘ಎದ್ದು ಕಾಣುವ ಬಣ್ಣ’ ಎಂಬ ಮಾತುಗಳಷ್ಟೇ ಇದ್ದು ಎಸ್‌ಆರ್‌ಜಿಬಿಯ ಶೇಕಡಾವಾರು ಇಲ್ಲದಿದ್ದರೆ, ಕಡಿಮೆ ಇದೆ ಎಂದೇ ತಿಳಿಯಿರಿ.

ಪರದೆಯ ನಂತರ ನಿಮ್ಮ ಹಣ ಹೋಗಬೇಕಾದ ಜಾಗ ರ್‍ಯಾಮ್. ನಿಮ್ಮ ಕೆಲಸದಿಂದಲೇ ಲೆಕ್ಕ ಹಾಕುತ್ತೇನೆ. 12×36 ಇಂಚಿನ ಆಲ್ಬಮ್ ಹಾಳೆ, 300 ಡಿಪಿಐ. ಅಗಲ 10,800 ಪಿಕ್ಸೆಲ್, ಎತ್ತರ 3,600. ಗುಣಿಸಿದರೆ 3.88 ಕೋಟಿ ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ಮೂರು ಬೈಟ್ ಹಿಡಿದರೆ ಒಂದು ಪೂರ್ತಿ ಪದರಕ್ಕೆ (ಲೇಯರ್) ಸುಮಾರು 117 ಎಂಬಿ. 16 ಬಿಟ್‌ನಲ್ಲಿ ತೆರೆದರೆ ಅದರ ಎರಡರಷ್ಟು. ಹಿನ್ನೆಲೆ, ಹೂವಿನ ಚೌಕಟ್ಟು, ಆರೇಳು ಫೋಟೊ, ನೆರಳು ಎಂದು ಹತ್ತು ಪದರಗಳಾದರೆ ಒಂದೇ ಹಾಳೆ ಒಂದು ಜಿಬಿ ಮುಟ್ಟುತ್ತದೆ. ಹಿಂದಕ್ಕೆ ಹೋಗಲು ಫೋಟೊಶಾಪ್ ನೆನಪಿಟ್ಟುಕೊಳ್ಳುವ ಹಂತಗಳು ಬೇರೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಅವು 50. ಇದರ ಜೊತೆಗೆ ಕೋರೆಲ್‌ಡ್ರಾ ತೆರೆದಿರುತ್ತದೆ, ಬ್ರೌಸರ್‌ನಲ್ಲಿ ವಾಟ್ಸ್‌ಆ್ಯಪ್ ಇರುತ್ತದೆ. 8 ಜಿಬಿ ಇದ್ದರೆ ಯಂತ್ರ ಉಸಿರುಗಟ್ಟುತ್ತದೆ. ಅಡೋಬ್ ಸಂಸ್ಥೆಯೇ ಫೋಟೊಶಾಪ್‌ಗೆ 16 ಜಿಬಿ ಇರಲಿ ಎನ್ನುತ್ತದೆ. ನಾನು 16ರಿಂದ ಆರಂಭಿಸಿ, ಮುಂದೆ 32 ಮಾಡಲು ಜಾಗವಿರುವುದನ್ನು ಆರಿಸಿಕೊಳ್ಳಿ ಎನ್ನುತ್ತೇನೆ.

‘ಜಾಗವಿರುವುದು’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಹಲವು ಕಡೆ ರ್‍ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅದು 8 ಆಗಿದ್ದರೆ ಕೊನೆಯವರೆಗೂ 8. ಅಂಗಡಿಯಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿಯ ಪುಟ ನೋಡಿದರೆ ಎಷ್ಟು ಸ್ಲಾಟ್‌ಗಳಿವೆ, ಎಷ್ಟು ಬಳಕೆಯಾಗಿವೆ ಎಂದು ಬರೆದಿರುತ್ತದೆ. ಅದನ್ನು ಕಂಪನಿಯ ಜಾಲತಾಣದ ವಿವರದೊಡನೆ ತಾಳೆ ನೋಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಒಂದೇ 16ರ ಪಟ್ಟಿಗಿಂತ 8ರ ಎರಡು ಪಟ್ಟಿಗಳು ಹೆಚ್ಚು ಚುರುಕು, ಏಕೆಂದರೆ ಒಳಗಿನ ಗ್ರಾಫಿಕ್ಸ್ ಇದೇ ರ್‍ಯಾಮನ್ನು ಹಂಚಿಕೊಂಡು ಬದುಕುತ್ತದೆ.

ಫ್ಲೆಕ್ಸ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 10×6 ಅಡಿಯ ಬ್ಯಾನರನ್ನು 300 ಡಿಪಿಐಯಲ್ಲಿ ತೆರೆದು ‘ನನ್ನ ಯಂತ್ರ ನಿಧಾನ’ ಎನ್ನುವವರನ್ನು ನಾನು ಬಹಳ ನೋಡಿದ್ದೇನೆ. ಅದು 36,000×21,600 ಪಿಕ್ಸೆಲ್ ಆಗುತ್ತದೆ. ಸಿಎಂವೈಕೆಯಲ್ಲಿ ಒಂದೇ ಪದರಕ್ಕೆ ಮೂರು ಜಿಬಿ ದಾಟುತ್ತದೆ. ಪಿಎಸ್‌ಡಿ ಕಡತದ ಮಿತಿಯೇ 30,000 ಪಿಕ್ಸೆಲ್, ಅಂದರೆ ಅದನ್ನು ಪಿಎಸ್‌ಡಿಯಾಗಿ ಉಳಿಸಲೂ ಬರುವುದಿಲ್ಲ. ರಸ್ತೆಯ ಆಚೆಯಿಂದ ನೋಡುವ ಬ್ಯಾನರಿಗೆ 72 ಡಿಪಿಐ ಸಾಕು. ಆಗ ಅದೇ ಪದರ 180 ಎಂಬಿಯೊಳಗೆ ಕೂರುತ್ತದೆ. ಅಕ್ಷರಗಳನ್ನು ಕೋರೆಲ್‌ಡ್ರಾದಲ್ಲಿ ವೆಕ್ಟರ್ ಆಗಿಯೇ ಇಟ್ಟರೆ ಅಂಚೂ ಚೂಪಾಗಿ ಬರುತ್ತದೆ. ಇಷ್ಟನ್ನು ತಿದ್ದಿಕೊಂಡರೆ ಹೊಸ ಯಂತ್ರದಿಂದ ಆಗುವ ಲಾಭದ ದೊಡ್ಡ ಪಾಲು ಖರ್ಚಿಲ್ಲದೆ ಸಿಗುತ್ತದೆ.

ಪ್ರೊಸೆಸರ್ ವಿಷಯವನ್ನು ಬೇಗ ಮುಗಿಸುತ್ತೇನೆ. ಇಂಟೆಲ್‌ನಲ್ಲಿ ಐ5ಗಿಂತ ಐ7 ಮೇಲು ಎಂಬ ಒಂದೇ ಲೆಕ್ಕದಿಂದ ಹೋಗಬೇಡಿ. ಇತ್ತೀಚಿನ ಐ5 ಅಥವಾ ಅಲ್ಟ್ರಾ 5, ನಾಲ್ಕು ವರ್ಷ ಹಳೆಯ ಐ7ನ್ನು ಹಿಂದೆ ಹಾಕುವುದು ಸಾಮಾನ್ಯ. ಹೆಸರಿನ ಕೊನೆಯಲ್ಲಿ ಹೆಚ್ ಇದ್ದರೆ ಹೆಚ್ಚು ವಿದ್ಯುತ್ ತಿಂದು ಹೆಚ್ಚು ದುಡಿಯುವ ಜಾತಿ, ಯು ಇದ್ದರೆ ಬ್ಯಾಟರಿ ಉಳಿಸುವ ಜಾತಿ. ಆಲ್ಬಮ್ ಕೆಲಸಕ್ಕೆ ಹೆಚ್ ಒಳ್ಳೆಯದು. ಎಎಂಡಿಯ ರೈಜನ್‌ನಲ್ಲಿ ಒಂದು ಎಚ್ಚರಿಕೆ ಬೇಕು: 7000 ಸಾಲಿನಲ್ಲಿ ಮೂರನೆಯ ಅಂಕಿ ಪ್ರೊಸೆಸರ್ ಯಾವ ತಲೆಮಾರಿನದು ಎಂದು ಹೇಳುತ್ತದೆ. 7520 ಯು ಎಂಬುದರ ಒಳಗಿರುವುದು ಹಳೆಯ ಝೆನ್ 2, 7640 ಹೆಚ್‌ಎಸ್ ಎಂಬುದರ ಒಳಗೆ ಝೆನ್ 4. ಹೊರಗಿನಿಂದ ಎರಡೂ ರೈಜನ್ 5.

ಗ್ರಾಫಿಕ್ಸ್ ಕಾರ್ಡ್ ನಿಮಗೆ ಎಷ್ಟು ಬೇಕು? ಲಗ್ನಪತ್ರಿಕೆ, ಕ್ಯಾಲೆಂಡರ್, ಆಲ್ಬಮ್ ಹೊಂದಿಕೆಗೆ ಈಗಿನ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ ಸಾಕಾಗುತ್ತದೆ. ಪ್ರತ್ಯೇಕ ಕಾರ್ಡ್ ನಿಜವಾಗಿ ಕೈಹಿಡಿಯುವುದು ಲೈಟ್‌ರೂಮ್‌ನ ಎಐ ಡಿನಾಯ್ಸ್‌ನಂಥ ಕಡೆ. ಕಲ್ಯಾಣಮಂಟಪದ ಮಂದ ಬೆಳಕಿನಲ್ಲಿ ತೆಗೆದ ನೂರಾರು ರಾ ಫೋಟೊಗಳಲ್ಲಿ (ಕ್ಯಾಮೆರಾದ ಮೂಲ ಕಡತಗಳಲ್ಲಿ) ಕಾಳುಕಾಳಾಗಿ ಕಾಣುವ ಚುಕ್ಕೆಗಳನ್ನು ತೆಗೆಯುವಾಗ, ಕಾರ್ಡ್ ಇದ್ದರೆ ಸೆಕೆಂಡುಗಳಲ್ಲಿ ಆಗುವುದು ಇಲ್ಲದಿದ್ದರೆ ನಿಮಿಷಗಳನ್ನು ತಿನ್ನುತ್ತದೆ. ನೀವು ಆಲ್ಬಮ್ ಹೊಂದಿಸುತ್ತೀರಿ, ರಾ ಸಂಸ್ಕರಣೆ ಫೋಟೊಗ್ರಾಫರ್‌ಗಳೇ ಮಾಡುತ್ತಾರೆ ಎಂದು ನಾನು ಊಹಿಸಿದ್ದೇನೆ. ಅದೂ ನಿಮ್ಮ ಪಾಲಿಗೇ ಬಂದಿದ್ದರೆ 6 ಜಿಬಿ ಅಥವಾ ಹೆಚ್ಚಿನ ಮೆಮೊರಿ ಇರುವ ಕಾರ್ಡ್ ನೋಡಿ, ಆದರೆ ಒಳ್ಳೆಯ ಪರದೆಯ ಜೊತೆಗೆ ಸಿಕ್ಕರೆ ಮಾತ್ರ. ಫೋಟೊಶಾಪ್‌ನ ಜನರೇಟಿವ್ ಫಿಲ್ ತೋರಿಸಿ ದೊಡ್ಡ ಕಾರ್ಡ್ ಮಾರಲು ಬಂದರೆ ಒಪ್ಪಬೇಡಿ. ಆ ಕೆಲಸ ನಡೆಯುವುದು ಕಂಪನಿಯ ಸರ್ವರ್‌ಗಳಲ್ಲಿ, ನಿಮಗೆ ಬೇಕಾದುದು ಇಂಟರ್‌ನೆಟ್.

ಸಂಗ್ರಹಕ್ಕೆ ಎನ್‌ವಿಎಂಇ ಎಂಬ ವೇಗದ ಬಗೆಯ 512 ಜಿಬಿ ಎಸ್‌ಎಸ್‌ಡಿ ಕನಿಷ್ಠ. ರ್‍ಯಾಮ್ ತುಂಬಿದಾಗ ಫೋಟೊಶಾಪ್ ಈ ಡಿಸ್ಕನ್ನೇ ತಾತ್ಕಾಲಿಕ ಜಾಗವಾಗಿ ಬಳಸುವುದರಿಂದ ನೂರು ಜಿಬಿಯಾದರೂ ಸದಾ ಖಾಲಿ ಇರಲಿ. 25 ಎಂಬಿಯ ಮೂರು ಸಾವಿರ ರಾ ಫೋಟೊ ಎಂದರೆ ಒಂದು ಮದುವೆಗೆ 75 ಜಿಬಿ. ಮುಗಿದ ಮದುವೆಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ, ಅದೂ ಎರಡು ಪ್ರತಿ, ಎರಡು ಜಾಗದಲ್ಲಿ. ಅಕ್ಕಿಕಾಳು ಬಿದ್ದ ಕ್ಷಣವನ್ನು ಮತ್ತೆ ತೆಗೆಯಲು ಯಾರಿಂದಲೂ ಆಗುವುದಿಲ್ಲ.

ಇನ್ನು ನಿಮ್ಮ ಅಣ್ಣನ ಮಾತು. ಮ್ಯಾಕ್‌ಬುಕ್ ಏರ್‌ನ ಪರದೆ ಬಹಳ ಒಳ್ಳೆಯದು, ಬ್ಯಾಟರಿ ಇನ್ನೂ ಒಳ್ಳೆಯದು, ಫ್ಯಾನ್ ಇಲ್ಲದ್ದರಿಂದ ಸದ್ದೂ ಇಲ್ಲ, ಧೂಳು ಎಳೆದುಕೊಳ್ಳುವುದೂ ಇಲ್ಲ. ಬರೀ ಫೋಟೊ ತಿದ್ದುವವರಾಗಿದ್ದರೆ ನಾನು ಅಣ್ಣನ ಪಕ್ಷವೇ. ಆದರೆ ನೀವು ಕನ್ನಡ ಜೋಡಿಸುವವರು. ಗದಗಿನ ಪ್ರೆಸ್ಸುಗಳಲ್ಲಿ ಲಗ್ನಪತ್ರಿಕೆಯ ಹಳೆಯ ಕಡತಗಳೆಲ್ಲ ಕೋರೆಲ್‌ಡ್ರಾದಲ್ಲಿ, ನುಡಿಯಂಥ ಆಸ್ಕಿ ಅಕ್ಷರಗಳಲ್ಲಿ ಇರುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆಸ್ಕಿ ಅಕ್ಷರದಲ್ಲಿ ಯಂತ್ರದ ಪಾಲಿಗೆ ಇರುವುದು ಇಂಗ್ಲಿಷ್ ಸಂಕೇತಗಳು. ಅವುಗಳಿಗೆ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳ ರೂಪ ಹೊಂದಿಸಿರುತ್ತಾರೆ. ಅದನ್ನು ಬೆರಳಚ್ಚಿಸಲು ಬೇಕಾದ ನುಡಿ ತಂತ್ರಾಂಶ ವಿಂಡೋಸ್‌ಗಾಗಿ ಮಾಡಿದ್ದು. ಕೋರೆಲ್‌ಡ್ರಾ 2019ರಿಂದ ಮ್ಯಾಕ್‌ಗೂ ಇದೆ, ಆದರೆ ಪ್ರೆಸ್ಸಿನಲ್ಲಿ ವಿಂಡೋಸ್, ಮನೆಯಲ್ಲಿ ಮ್ಯಾಕ್ ಎಂದರೆ ಪ್ರತಿ ಕಡತಕ್ಕೂ ಒಂದು ತೊಡಕು. ಮುಹೂರ್ತದ ಸಮಯದಲ್ಲಿ ಒಂದು ಒತ್ತಕ್ಷರ ಹಾರಿಹೋಗಿ ಐನೂರು ಪತ್ರಿಕೆ ಅಚ್ಚಾದರೆ ಆ ಮನೆಯವರಿಗೆ ಯಾವ ಮುಖ ತೋರಿಸುತ್ತೀರಿ? ಮ್ಯಾಕ್‌ನಲ್ಲಿ ರ್‍ಯಾಮನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ ಎಂಬುದೂ ಇದೆ. ಹಾಗಾಗಿ ನಿಮಗೆ ವಿಂಡೋಸ್.

ವಿಂಡೋಸ್‌ನಲ್ಲೂ ಒಂದು ಬಗೆಯಿಂದ ದೂರವಿರಿ. 2024ರಿಂದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಎಂಬ ಪ್ರೊಸೆಸರಿನ ಲ್ಯಾಪ್‌ಟಾಪುಗಳು ಬಂದಿವೆ. ಬ್ಯಾಟರಿ ಚೆನ್ನಾಗಿ ಬಾಳುತ್ತದೆ, ಫೋಟೊಶಾಪ್ ಕೂಡ ನಡೆಯುತ್ತದೆ. ಆದರೆ ಅವು ಆರ್ಮ್ ಜಾತಿಯವು. ಇಂಟೆಲ್, ಎಎಂಡಿಗೆಂದು ಬರೆದ ಹಳೆಯ ಡ್ರೈವರ್‌ಗಳನ್ನು ಒಪ್ಪುವುದಿಲ್ಲ. ಪ್ರೆಸ್ಸಿನ ಹಳೆಯ ಪ್ರಿಂಟರ್, ಸ್ಟಿಕ್ಕರ್ ಕತ್ತರಿಸುವ ಪ್ಲಾಟರ್, ಡಾಂಗಲ್ ಎಂಬ ಯುಎಸ್‌ಬಿ ಕೀಲಿ ಚುಚ್ಚಿದರೆ ಮಾತ್ರ ತೆರೆಯುವ ಕನ್ನಡ ಅಕ್ಷರ ತಂತ್ರಾಂಶ, ಇವೆಲ್ಲ ಅಲ್ಲಿ ನಿಂತುಬಿಡಬಹುದು. ಡಾಂಗಲ್ ಬಳಸುತ್ತೀರಾದರೆ ಹಳೆಯ ಅಗಲದ ಯುಎಸ್‌ಬಿ ಕಿಂಡಿ ಎರಡಾದರೂ ಇವೆಯೇ ನೋಡಿ.

ಫೋಟೊಶಾಪ್‌ನಲ್ಲಿ ಯುನಿಕೋಡ್ ಕನ್ನಡ ಒಡೆದುಹೋಗುತ್ತದೆ, ‘ಕ್ಷ’ ಬಿಡಿಬಿಡಿಯಾಗುತ್ತದೆ ಎಂದು ಲ್ಯಾಪ್‌ಟಾಪ್ ಬದಲಿಸಲು ಹೊರಟವರೂ ಇದ್ದಾರೆ. ಅದಕ್ಕೆ ಹೊಸ ಯಂತ್ರ ಬೇಡ. ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್‌ನಲ್ಲಿ ಟೈಪ್ ಪುಟಕ್ಕೆ ಹೋಗಿ ವರ್ಲ್ಡ್ ರೆಡಿ ಲೇಔಟ್ ಎಂಬುದನ್ನು ಆಯ್ಕೆ ಮಾಡಿ, ಒತ್ತಕ್ಷರಗಳು ತಮ್ಮ ಜಾಗಕ್ಕೆ ಬರುತ್ತವೆ.

ನಮ್ಮ ಕಡೆಯ ಹವೆ ಮತ್ತು ಕೆಲಸದ ಜಾಗವನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಫ್‌ಸೆಟ್ ಯಂತ್ರದ ಕೋಣೆಯಲ್ಲಿ ಹಾಳೆ ಹಾಳೆಗೆ ಅಂಟದಿರಲಿ ಎಂದು ಸಿಂಪಡಿಸುವ ನಯವಾದ ಪುಡಿ ಗಾಳಿಯಲ್ಲಿ ತೇಲುತ್ತಿರುತ್ತದೆ. ಕಾಗದದ ಧೂಳು ಅದರ ಜೊತೆ ಸೇರುತ್ತದೆ. ಇದು ಲ್ಯಾಪ್‌ಟಾಪಿನ ಫ್ಯಾನಿಗೆ ಹೋಗಿ ಶಾಖ ಹೊರಹೋಗುವ ದಾರಿಯನ್ನು ಮುಚ್ಚುತ್ತದೆ. ಯಂತ್ರ ಬಿಸಿಯಾದ ಕೂಡಲೇ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಲಗ್ನದ ಹಂಗಾಮಿನ ನಡುವೆಯೇ ಅದು ತೆವಳತೊಡಗುತ್ತದೆ. ಮುದ್ರಣ ಯಂತ್ರವಿರುವ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆಯಬೇಡಿ, ಹಾಸಿಗೆ ದಿಂಬಿನ ಮೇಲೆ ಇಡಬೇಡಿ, ವರ್ಷಕ್ಕೊಮ್ಮೆ ಬಿಚ್ಚಿಸಿ ಫ್ಯಾನ್ ಸ್ವಚ್ಛ ಮಾಡಿಸಿ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಕೈಬಿಡುವುದಿಲ್ಲ ನಿಜ, ಆದರೆ ಎರಡು ವಿಷಯ ನೆನಪಿರಲಿ. ದೊಡ್ಡ ಕಾರ್ಡ್ ಇರುವ ಯಂತ್ರಗಳು ಬ್ಯಾಟರಿಯಲ್ಲಿ ತಮ್ಮ ಪೂರ್ಣ ಶಕ್ತಿ ತೋರಿಸುವುದಿಲ್ಲ. ಇನ್ನೊಂದು, ಬ್ಯಾಟರಿಗೆ ಬಂದ ಕೂಡಲೇ ವಿದ್ಯುತ್ ಉಳಿಸಲು ಕೆಲವು ಲ್ಯಾಪ್‌ಟಾಪುಗಳು ಪರದೆಯ ಬೆಳಕು ಮತ್ತು ಕಾಂಟ್ರಾಸ್ಟನ್ನು ತಾವೇ ಬದಲಿಸುತ್ತವೆ. ಆ ಹೊತ್ತಿನಲ್ಲಿ ಮುಖದ ಬಣ್ಣ ತಿದ್ದಬೇಡಿ. ಅಕ್ಷರ ಜೋಡಿಸಿ, ಫೋಟೊ ಆರಿಸಿ, ಬಣ್ಣದ ಕೆಲಸವನ್ನು ಕರೆಂಟ್ ಬಂದ ಮೇಲೆ ಮಾಡಿ.

ಸೇವಾ ಕೇಂದ್ರ ಎಲ್ಲಿದೆ ಎಂದು ಕೊಳ್ಳುವ ಮೊದಲೇ ಕೇಳಿ. ಹುಬ್ಬಳ್ಳಿಯಲ್ಲಿದ್ದರೆ ನಿಮಗೆ ಸುಮಾರು 60 ಕಿ.ಮೀ., ಬಸ್ಸಿನಲ್ಲಿ ಹೋಗಿ ಬರಬಹುದು. ಬೆಂಗಳೂರಿಗೆ ಕಳುಹಿಸಬೇಕು ಎಂದರೆ ಆ ದಿನಗಳ ಕೆಲಸ ಹೋಯಿತು. ಮನೆಗೆ ಬಂದು ರಿಪೇರಿ ಮಾಡುವ ವಾರಂಟಿ ಗದಗ ಜಿಲ್ಲೆಗೂ ಉಂಟೇ ಎಂದು ಪಿನ್‌ಕೋಡ್ ಹೇಳಿ ಖಚಿತಪಡಿಸಿಕೊಳ್ಳಿ. ಮೂರು ವರ್ಷದ ವಾರಂಟಿಗೆ ಸ್ವಲ್ಪ ಹೆಚ್ಚು ಕೊಡಬೇಕಾದರೆ ಕೊಡಿ. ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್ಲಿನಲ್ಲಿ ನಿಮ್ಮ ಸಂಖ್ಯೆ ಬರೆಸಿ. ಲ್ಯಾಪ್‌ಟಾಪಿನ ಮೇಲಿನ ತೆರಿಗೆ 18%, ವ್ಯವಹಾರಕ್ಕೆ ಕೊಂಡದ್ದಾದರೆ ಅದನ್ನು ನಿಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಲು ಬರುತ್ತದೆ. ಹಳೆಯದನ್ನು ಕೊಳ್ಳುವ ಯೋಚನೆ ಬಂದರೆ, ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರಾದರೂ ಬೇಕು ಎಂಬುದು ಗಮನದಲ್ಲಿರಲಿ.

ಈಗ ನಿಮ್ಮ 80 ಸಾವಿರಕ್ಕೆ ಬರುತ್ತೇನೆ. ದಿನವಿಡೀ ಒಂದೇ ಮೇಜಿನ ಮುಂದೆ ಕೂರುವವರಾಗಿದ್ದರೆ ಡೆಸ್ಕ್‌ಟಾಪ್ ಕಟ್ಟಿಸಿ, ಒಳ್ಳೆಯ 24 ಇಂಚಿನ ಮಾನಿಟರ್ ಹಾಕಿಸಿ ಎನ್ನುತ್ತಿದ್ದೆ. ನೀವು ಮನೆ, ಪ್ರೆಸ್ಸು, ಹುಬ್ಬಳ್ಳಿ ಎಂದು ಓಡಾಡುತ್ತೀರಿ. ಲ್ಯಾಬಿನಲ್ಲಿ ಕುಳಿತು ತಿದ್ದುವಾಗ ಮನೆಯ ಮಾನಿಟರ್ ಸಹಾಯಕ್ಕೆ ಬರುವುದಿಲ್ಲ. ಆದ್ದರಿಂದ ಪರದೆ ಲ್ಯಾಪ್‌ಟಾಪಿನಲ್ಲಿಯೇ ಚೆನ್ನಾಗಿರಬೇಕು. 14 ಅಥವಾ 16 ಇಂಚಿನ, ಅಗಲ-ಎತ್ತರ 16:10 ಅನುಪಾತದಲ್ಲಿರುವ, 100% ಎಸ್‌ಆರ್‌ಜಿಬಿ ಐಪಿಎಸ್ ಪರದೆ, ಇತ್ತೀಚಿನ ಅಲ್ಟ್ರಾ 5 ಅಥವಾ ರೈಜನ್ 5ರ ಹೆಚ್ ಜಾತಿ, 16 ಜಿಬಿ ರ್‍ಯಾಮ್ ಮತ್ತು ಮುಂದೆ 32 ಮಾಡಲು ಅವಕಾಶ, 512 ಜಿಬಿ. ಇಂಥದ್ದಕ್ಕೆ 70 ಸಾವಿರದ ಒಳಗೆ ಹುಡುಕಿ. ಉಳಿದದ್ದರಲ್ಲಿ ಹೊರಗಿನ ಹಾರ್ಡ್‌ಡಿಸ್ಕ್ ಮತ್ತು ವಾರಂಟಿ. 80 ಸಾವಿರವನ್ನೂ ಯಂತ್ರಕ್ಕೇ ಹಾಕಿ ಬರಿಗೈಯಲ್ಲಿ ಬರಬೇಡಿ.

ಪರದೆಯ ಬಣ್ಣ ಅಳೆದು ಸರಿಪಡಿಸುವ ಕ್ಯಾಲಿಬ್ರೇಟರ್ ಎಂಬ ಪುಟ್ಟ ಸಾಧನವಿದೆ. ಒಬ್ಬರಿಗೇ ಅದು ಭಾರ. ನಿಮ್ಮ ಇಬ್ಬರು ಫೋಟೊಗ್ರಾಫರ್‌ಗಳು, ಪ್ರೆಸ್ಸಿನ ಮಾಲೀಕರು, ನೀವು, ನಾಲ್ವರೂ ಸೇರಿ ಒಂದನ್ನು ಕೊಂಡರೆ ತಿಂಗಳಿಗೊಮ್ಮೆ ಸರದಿಯಲ್ಲಿ ಬಳಸಬಹುದು. ಎಲ್ಲರ ಪರದೆಯೂ ಒಂದೇ ಬಣ್ಣ ತೋರಿಸತೊಡಗಿದರೆ ಫೋನಿನಲ್ಲಿ ‘ಸ್ವಲ್ಪ ಕೆಂಪು ಕಡಿಮೆ ಮಾಡಿ’ ಎಂಬ ಮಾತಿಗೆ ಮೊದಲ ಸಲ ಅರ್ಥ ಬರುತ್ತದೆ.

ಕೊಂಡು ತಂದ ದಿನ ಬೇರೆ ಏನನ್ನೂ ಮಾಡುವ ಮೊದಲು ರಾತ್ರಿಯ ಹಳದಿ ಬೆಳಕು ತರುವ ನೈಟ್ ಲೈಟ್ ಆಫ್ ಮಾಡಿ, ಬೆಳಕು ತಾನೇ ಏರಿಳಿಯುವ ಸೆಟ್ಟಿಂಗನ್ನೂ ನಿಲ್ಲಿಸಿ. ಆಫ್‌ಸೆಟ್ ಕೆಲಸಕ್ಕೆ ಯಾವ ಸಿಎಂವೈಕೆ ಪ್ರೊಫೈಲ್ ಬಳಸುತ್ತಾರೆ ಎಂದು ಪ್ಲೇಟ್ ಮಾಡುವವರನ್ನು ಕೇಳಿ ಫೋಟೊಶಾಪ್‌ನ ಪ್ರೂಫ್ ಸೆಟಪ್‌ನಲ್ಲಿ ಅದನ್ನೇ ಇಡಿ. ಕಂಟ್ರೋಲ್ ಮತ್ತು ವೈ ಒತ್ತಿದರೆ ಶಾಯಿಯಲ್ಲಿ ಬಣ್ಣ ಹೇಗೆ ಇಳಿಯುತ್ತದೆ ಎಂಬುದು ಮುಂಚೆಯೇ ಕಾಣುತ್ತದೆ. ಆಮೇಲೆ ಆ ಹಳೆಯ ಲಗ್ನಪತ್ರಿಕೆಯನ್ನು ಪರದೆಯ ಪಕ್ಕ ಹಿಡಿದು, ಕುಂಕುಮದ ಕೆಂಪು ಎರಡರಲ್ಲೂ ಒಂದೇ ಆಗಿ ಕಾಣುವವರೆಗೆ ಬೆಳಕನ್ನು ಹೊಂದಿಸಿ, ಆ ಮಟ್ಟ ಎಷ್ಟೆಂದು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಅಂಚಿಗೆ ಅಂಟಿಸಿಕೊಳ್ಳಿ.